ಅಜ್ಜಿ ಹುಟ್ಟಿದ್ದು ವ್ಯಾಕುಲ ಮಾತೆ ಹಬ್ಬದ ದಿನ, ಆದರೆ ಬೇಸಿಗೆಯಂತೆ. ಇದು ಹೇಗೆ?

ಹುಣಸೆಮರ:

ಎಲ್ಲರಿಗೂ ನಮಸ್ಕಾರ. ಚರ್ಚಿನ ಹಳೇ ಹಬ್ಬಗಳ ಲೆಕ್ಕ ಗೊತ್ತಿರುವ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ. ಸ್ವಲ್ಪ ಅರ್ಜೆಂಟ್, ಕೇಕಿಗೆ ಅಡ್ವಾನ್ಸ್ ಕೊಟ್ಟಾಗಿದೆ.

ನಮ್ಮ ಅಜ್ಜಿಗೆ ಹುಟ್ಟಿದ ತಾರೀಖು ಇಲ್ಲ. ಕಾರ್ಡುಗಳಲ್ಲೆಲ್ಲ ಜನವರಿ 1, 1945 ಅಂತ ಇದೆ. ಅದು ದೊಡ್ಡಪ್ಪ ಯಾವ ಕಾಲದಲ್ಲೋ ಅಂದಾಜಿಗೆ ಹೇಳಿ ಬರೆಸಿದ್ದು. ಕನಕಪುರದ ಕಡೆಯ ನಮ್ಮೂರಲ್ಲಿ ಆ ವಯಸ್ಸಿನವರೆಲ್ಲ ಜನವರಿ ಒಂದಕ್ಕೋ ಜೂನ್ ಒಂದಕ್ಕೋ ಹುಟ್ಟಿದವರೇ. ಅಜ್ಜಿಯ ಹೆಸರು ವ್ಯಾಕುಲಮ್ಮ. ವ್ಯಾಕುಲ ಮಾತೆ ಅಂದರೆ ಮಗ ಯೇಸುವಿಗಾಗಿ ದುಃಖಪಟ್ಟ ಮರಿಯಮ್ಮ. ಆ ಹಬ್ಬದ ದಿನವೇ ಹುಟ್ಟಿದ್ದಕ್ಕೆ ಆ ಹೆಸರು ಇಟ್ಟರಂತೆ. ಇಷ್ಟು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ ನೋಡಿ. ಹೋದ ತಿಂಗಳು ನನಗೆ ಹೊಳೆಯಿತು. ಫೋನಿನಲ್ಲಿ ಹುಡುಕಿದೆ. ವ್ಯಾಕುಲ ಮಾತೆ ಹಬ್ಬ ಸೆಪ್ಟೆಂಬರ್ 15. ಮೊಮ್ಮಕ್ಕಳೆಲ್ಲ ಸೇರಿ ದುಡ್ಡು ಹಾಕಿ, ಊರಿಗೆ ಹೋಗಿ ಅಜ್ಜಿಗೆ ಜೀವನದ ಮೊದಲ ಹುಟ್ಟುಹಬ್ಬ ಮಾಡೋಣ ಅಂತ ತೀರ್ಮಾನವಾಯಿತು.

ಮೊನ್ನೆ ಬಾಯಿತಪ್ಪಿ ಅಜ್ಜಿಗೆ ಹೇಳಿಬಿಟ್ಟೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ. ಬೈಸಿಕೊಂಡೆ. "ಯಾವಳೇ ನಿಂಗೆ ಹೇಳಿದ್ದು ನಾನು ಮಳೆಗಾಲದಲ್ಲಿ ಹುಟ್ಟಿದೆ ಅಂತ? ನಮ್ಮವ್ವಂಗೆ ನೋವು ಬಂದಾಗ ಹಿತ್ತಲಲ್ಲಿ ಹುಣಸೆ ಬಡೀತಿದ್ರು. ನನ್ನ ಮೊದಲ ಸಲ ಎತ್ಕೊಂಡಾಗ ಅವ್ವನ ಕೈಯೆಲ್ಲ ಹುಣಸೆಹಣ್ಣಿನ ಅಂಟು" ಅಂದರು. ಹುಣಸೆ ಬಡಿಯುವುದು ಬೇಸಿಗೆಯಲ್ಲಿ. ಸೆಪ್ಟೆಂಬರ್‌ನಲ್ಲಿ ಮರದಲ್ಲಿ ಎಳೇ ಕಾಯಿ ಇರುತ್ತದೆ ಅಷ್ಟೇ.

ಅಜ್ಜಿಗೆ ನೆನಪಿನ ತೊಂದರೆ ಏನೂ ಇಲ್ಲ. ನಾನು ಮೂರನೇ ಕ್ಲಾಸಿನಲ್ಲಿ ಕಳೆದುಹಾಕಿದ ಕೊಡೆಯ ಬಣ್ಣ ಇವತ್ತಿಗೂ ಹೇಳುತ್ತಾರೆ. ಹಾಗಾದರೆ ತಪ್ಪು ಎಲ್ಲಿದೆ? ಹಬ್ಬದ್ದಾ, ಹುಣಸೆದ್ದಾ?

ಬೆಂಗಳೂರು ಹುಡುಗ:

ಸೆಪ್ಟೆಂಬರ್ 14 ಪವಿತ್ರ ಶಿಲುಬೆಯ ಹಬ್ಬ, ಮಾರನೇ ದಿನ 15 ವ್ಯಾಕುಲ ಮಾತೆ. ಇದರಲ್ಲಿ ಡೌಟೇ ಇಲ್ಲ, ಯಾವ ಚರ್ಚಿನ ಕ್ಯಾಲೆಂಡರ್ ಬೇಕಾದರೂ ತೆಗೆದು ನೋಡಿ. ಹುಣಸೆ ಕಥೆ ಯಾರೋ ಆಮೇಲೆ ಸೇರಿಸಿದ್ದಿರಬೇಕು. ನಮ್ಮಜ್ಜಿಯೂ ತಾನು ಹುಟ್ಟಿದ ದಿನ ಆನೆ ಬಂದಿತ್ತು ಅಂತಿದ್ದರು. ಕೇಕ್ ಕ್ಯಾನ್ಸಲ್ ಮಾಡಬೇಡಿ.

ಕುಡ್ಲದ ಬಾಯಿ:

ತಾರೀಖಿಗೆ ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ನಮ್ಮ ಕಡೆ ಹಿಂದಿನವರು ಹುಟ್ಟಿದ ದಿನ ಮಾಡುತ್ತಲೇ ಇರಲಿಲ್ಲ. ಹೆಸರಿನ ಸಂತರ ಹಬ್ಬವೇ ನಮ್ಮ ಹಬ್ಬ. ಆಂತೋನ್ ಅಂತ ಹೆಸರಿದ್ದರೆ ಜೂನ್ 13, ಮುಗಿಯಿತು. ಯೋಚಿಸಿ ನೋಡಿ, ಸಂತರದ್ದೂ ನಾವು ಹುಟ್ಟಿದ ದಿನ ಮಾಡುವುದಿಲ್ಲವಲ್ಲ. ಹೆಚ್ಚಿನವರದ್ದು ತೀರಿಹೋದ ದಿನ. ಅಂತೋನಿಯವರು ಪಾದುವಾ ಊರಿನ ಹತ್ತಿರ 1231ರ ಜೂನ್ 13ರಂದು ತೀರಿಕೊಂಡರು, ಆ ದಿನವೇ ಹಬ್ಬ. ಹುಟ್ಟಿದ ದಿನವನ್ನು ಹಬ್ಬವಾಗಿ ಮಾಡುವುದು ಮೂರೇ ಜನರದ್ದು. ಯೇಸುವಿನದು, ಅವರಿಗೆ ಜ್ಞಾನಸ್ನಾನ ಮಾಡಿಸಿದ ಸ್ನಾನಿಕ ಯೊವಾನ್ನರದು, ಮರಿಯಮ್ಮನದು. ಮರಿಯಮ್ಮನದು ಸೆಪ್ಟೆಂಬರ್ 8, ನಮ್ಮ ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಇವತ್ತು ನಾನು ಇದನ್ನು ಬರೆಯುತ್ತಿರುವಾಗಲೂ ಪಕ್ಕದಲ್ಲಿ ಚರ್ಚಿನಿಂದ ತಂದ ತೆನೆ ಇದೆ. ಅಕ್ಕಿ ಸುಲಿದು ಹಾಲಿಗೆ ಹಾಕಬೇಕು. ಏಳು ಬಗೆ ತರಕಾರಿ ಆಗಬೇಕು, ಐದೇ ಆಗಿದೆ.

ಸೆಪ್ಟೆಂಬರ್ 15ಕ್ಕೆ ಅಜ್ಜಿಯ ಹೆಸರಿನ ಹಬ್ಬ ಅಂತಲೇ ಮಾಡಿ. ಅವರೂ ಬೇಡ ಅನ್ನಲಿಕ್ಕಿಲ್ಲ.

ಉಪದೇಶಿ ಮಗ:

ಅಮ್ಮಾ ಹುಣಸೆಮರ, ನಿಮ್ಮ ಅಜ್ಜಿ ಹೇಳಿದ್ದು ಸರಿ. ಫೋನ್ ಹೇಳಿದ್ದೂ ಸರಿ. ಈ ಹುಡುಗ ಹೇಳಿದ್ದು ಅರ್ಧ ಸರಿ.

ನನಗೀಗ 74. ನಮ್ಮಪ್ಪ ಉಪದೇಶಿಯಾಗಿದ್ದರು. ಸ್ವಾಮಿಗಳು, ಅಂದರೆ ಪಾದ್ರಿಗಳು, ತಿಂಗಳಿಗೆರಡು ಸಲ ಬರುತ್ತಿದ್ದ ಊರು ನಮ್ಮದು, ಮಿಕ್ಕಿದ ದಿನ ಜಪ ಹೇಳಿಸುವುದು, ಮಕ್ಕಳಿಗೆ ಪಾಠ ಮಾಡುವುದು, ಗಂಟೆ ಹೊಡೆಯುವುದು, ಎಲ್ಲ ಅಪ್ಪನದೇ. ಗಂಟೆ ಮಾತ್ರ ಹೆಚ್ಚಾಗಿ ನಾನೇ ಹೊಡೆಯುತ್ತಿದ್ದೆ.

ಹಿಂದೆ ವ್ಯಾಕುಲ ಮಾತೆಗೆ ವರ್ಷಕ್ಕೆ ಎರಡು ಹಬ್ಬ ಇತ್ತು. ಒಂದು ಸೆಪ್ಟೆಂಬರಿನದು. ಇನ್ನೊಂದು ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚೆ ಬರುವ ಉಪವಾಸದ ತಪಸ್ಸುಕಾಲದ ಕೊನೆಯಲ್ಲಿ. ಪಾಸ್ಕಕ್ಕೆ ಒಂದು ವಾರ ಮುಂಚೆ ಗರಿಗಳ ಭಾನುವಾರ, ಅದಕ್ಕೆ ಎರಡು ದಿನ ಮುಂಚಿನ ಶುಕ್ರವಾರ. ಆ ಶುಕ್ರವಾರದ ಹಬ್ಬವನ್ನು 1727ರಲ್ಲೇ ಇಡೀ ಧರ್ಮಸಭೆಗೆ ಸೇರಿಸಿದ್ದರು, ಅಂದರೆ ಸೆಪ್ಟೆಂಬರಿನದಕ್ಕಿಂತ ಹಳೆಯದು. ವ್ಯಾಟಿಕನ್ ಮಹಾಸಭೆ ಆದಮೇಲೆ 1969ರಲ್ಲಿ ಪಂಚಾಂಗವನ್ನು ತಿದ್ದಿದರು. ಒಂದೇ ಹಬ್ಬ ಎರಡು ಸಲ ಯಾಕೆ ಅಂತ ಶುಕ್ರವಾರದ್ದನ್ನು ತೆಗೆದುಬಿಟ್ಟರು. ಪೂಜೆ ಪುಸ್ತಕದಲ್ಲಿ ಆ ದಿನ ಮಾತೆಯನ್ನು ನೆನೆಯುವ ಒಂದು ಪ್ರಾರ್ಥನೆಯನ್ನು 2002ರಲ್ಲಿ ಮತ್ತೆ ಸೇರಿಸಿದ್ದಾರೆ, ಅಷ್ಟೇ ಉಳಿದಿರುವುದು. ಈಗಿನ ಕ್ಯಾಲೆಂಡರಿನಲ್ಲಿ ಆ ಹಬ್ಬದ ಹೆಸರೇ ಇಲ್ಲ, ಫೋನಿಗೆ ಹೇಗೆ ಗೊತ್ತಾಗಬೇಕು?

ನನಗೆ ಹದಿನೆಂಟು ಆಗುವವರೆಗೂ ಆ ಶುಕ್ರವಾರ ಇತ್ತು. ಚೆನ್ನಾಗಿ ನೆನಪಿದೆ. ಅದಕ್ಕೆ ಮುಂಚಿನ ಭಾನುವಾರದ ಹೊತ್ತಿಗೇ ಅಪ್ಪ ಸ್ವರೂಪಗಳಿಗೆಲ್ಲ, ಅಂದರೆ ಚರ್ಚಿನ ಪ್ರತಿಮೆಗಳಿಗೆ, ನೇರಳೆ ಬಟ್ಟೆ ಮುಚ್ಚಿಬಿಡುತ್ತಿದ್ದರು. ಸೂಸೆಯಪ್ಪ (ಸಂತ ಜೋಸೆಫರು), ಅಂತೋಣಪ್ಪ, ಎಲ್ಲರೂ ಬಟ್ಟೆಯೊಳಗೆ. ಬಟ್ಟೆ ಹೊಲಿದದ್ದು ಅವ್ವ, ನೇರಳೆ ಬಣ್ಣ ಸಾಲದೆ ಅಂತೋಣಪ್ಪನಿಗೆ ಮಾತ್ರ ಸ್ವಲ್ಪ ಕೆಂಪಗಿನದು ಬಂದಿತ್ತು. ನಮ್ಮ ಚರ್ಚಿನಲ್ಲಿದ್ದ ವ್ಯಾಕುಲ ಮಾತೆಯ ಎದೆಗೆ ಏಳು ಸಣ್ಣ ತಗಡಿನ ಕತ್ತಿ ಚುಚ್ಚಿತ್ತು, ಏಳು ವ್ಯಾಕುಲಕ್ಕೆ ಏಳು. ಮುದುಕ ಸಿಮೆಯೋನ ಹೇಳಿದ ಮಾತಿನಿಂದ ಹಿಡಿದು ಮಗನನ್ನು ಗೋರಿಯಲ್ಲಿ ಇಟ್ಟಿದ್ದರವರೆಗೆ. ಹಬ್ಬ ಅವಳದು, ಆದರೆ ಮುಖ ಕಾಣುತ್ತಿರಲಿಲ್ಲ. ಬಟ್ಟೆಯ ಮೇಲೆ ಆ ಕತ್ತಿಗಳ ತುದಿ ಉಬ್ಬಿಕೊಂಡಿರುತ್ತಿತ್ತು. ಹೆಂಗಸರು ಬಟ್ಟೆಯ ಮೇಲಿಂದಲೇ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಹುಣಸೆಗೂ ಆ ಶುಕ್ರವಾರಕ್ಕೂ ಸರಿಹೊಂದುತ್ತದೆ, ಯಾಕೆಂದರೆ ಅದು ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದೊಳಗೆ ಬರುತ್ತದೆ. ಆದರೆ ಕಷ್ಟವೂ ಅಲ್ಲೇ ಇದೆ. ಸೆಪ್ಟೆಂಬರ್ 15 ಯಾವ ವರ್ಷವಾದರೂ ಸೆಪ್ಟೆಂಬರ್ 15. ಈ ಶುಕ್ರವಾರ ಪಾಸ್ಕ ಹಬ್ಬದ ಬಾಲ ಹಿಡಿದು ಓಡಾಡುವಂಥದ್ದು. ವರ್ಷ ಗೊತ್ತಿಲ್ಲದೆ ತಾರೀಖು ಸಿಗುವುದಿಲ್ಲ. ನಿಮ್ಮ ದೊಡ್ಡಪ್ಪನ 1945 ಅಂದಾಜಿನದು, ಬಿಟ್ಟುಬಿಡಿ.

ಅಜ್ಜಿಯನ್ನು ಕೂರಿಸಿಕೊಂಡು ಕೇಳಿ. ವರ್ಷ ಕೇಳಬೇಡಿ, ಹೇಳಲಾರರು. ಹಬ್ಬ ಕೇಳಿ. ಜ್ಞಾನಸ್ನಾನ ಯಾವ ಹಬ್ಬಕ್ಕೆ ಆಯಿತು? ಮೊದಲ ಸಲ ಚರ್ಚಿಗೆ ಎತ್ತಿಕೊಂಡು ಹೋಗಿದ್ದು ಯಾವಾಗ? ಅಣ್ಣ ತಮ್ಮಂದಿರ ಹೆಸರೇನು? ನಮ್ಮ ಹಳೇ ಜನರ ಹೆಸರುಗಳೇ ಅರ್ಧ ಪಂಚಾಂಗ. ರಾಯಪ್ಪ ಅಂದರೆ ಪೇತ್ರ, ಚಿನ್ನಪ್ಪ ಅಂದರೆ ಪೌಲ, ಇಬ್ಬರ ಹಬ್ಬವೂ ಜೂನ್ 29. ಇನ್ನಾಸಪ್ಪ ಜುಲೈ 31. ಚೌರಪ್ಪ ಡಿಸೆಂಬರ್ 3, ಶವೇರಿಯಾರರು ಅವರೇ. ಸೂಸೆಯಪ್ಪ ಮಾರ್ಚ್ 19. ಲೂರ್ದಮ್ಮ ಫೆಬ್ರವರಿ 11. ತಮಿಳು ಕಡೆಯಿಂದ ಬಂದ ಹೆಸರುಗಳು ಇವು, ಈಗ ನಮ್ಮವೇ ಆಗಿಹೋಗಿವೆ. ಈಗಿನ ಮಕ್ಕಳಿಗೆ ಇಟ್ಟಿರುವ ಹೆಸರುಗಳಿಂದ ಯಾವ ತಾರೀಖೂ ಹೊರಡುವುದಿಲ್ಲ, ಹೋಗಲಿ ಬಿಡಿ.

ಹುಣಸೆಮರ:

ಉಪದೇಶಿ ಮಗ ಸರ್, ನಿಮ್ಮ ಉತ್ತರ ಓದಿ ರಾತ್ರಿಯೇ ಅಜ್ಜಿಗೆ ಫೋನ್ ಮಾಡಿದೆ. ಎರಡು ಹಬ್ಬ ಇತ್ತಂತೆ ಅಂದಿದ್ದಕ್ಕೆ, "ಇರಲ್ವಾ ಮತ್ತೆ? ಅದನ್ನೇ ಅಲ್ವಾ ನಾನು ಬಡ್ಕೊಂಡಿದ್ದು" ಅಂದರು. ಅವರು ಎರಡು ಹಬ್ಬದ ಮಾತೇ ಎತ್ತಿರಲಿಲ್ಲ, ಆದರೂ ನಾನು ಸುಮ್ನೆ ಕೇಳಿಕೊಂಡೆ.

ನೀವು ಹೇಳಿದ ಹಾಗೆಯೇ ಕೇಳಿದೆ. ಬರೆದುಕೊಂಡಿದ್ದನ್ನು ಹಾಗೇ ಹಾಕುತ್ತಿದ್ದೇನೆ.

ಹುಟ್ಟಿದ ಮೂರನೇ ದಿನವೇ ಜ್ಞಾನಸ್ನಾನ ಆಯಿತಂತೆ, ಗರಿ ಹಬ್ಬದ ದಿನ. ಬಾಣಂತಿ ಹೋಗುವ ಹಾಗಿಲ್ಲ, ಅದಕ್ಕೆ ಜ್ಞಾನತಾಯಿ ಎತ್ತಿಕೊಂಡು ಹೋಗಿದ್ದು. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ತೆಂಗಿನ ಗರಿ. ಗರಿಯ ಚೂಪು ಮಗುವಿನ ಕೆನ್ನೆಗೆ ತಗುಲಿ ಗೆರೆ ಬಿದ್ದಿತ್ತಂತೆ. ಅಜ್ಜಿ ಇವತ್ತಿಗೂ ಎಡಗೆನ್ನೆ ತೋರಿಸಿ ಇದೇ ಅದು ಅನ್ನುತ್ತಾರೆ. ನನಗಂತೂ ಅಲ್ಲಿ ಸುಕ್ಕು ಬಿಟ್ಟು ಬೇರೇನೂ ಕಂಡಿಲ್ಲ.

ಯುದ್ಧದ ಕಾಲ, ಸೀಮೆಎಣ್ಣೆಗೆ ಪರದಾಟ. ಯುಗಾದಿ ಆಗಿ ಹದಿನೈದು ದಿನ ಆಗಿರಲಿಲ್ಲ. ಇದು ಶಾನುಭೋಗರ ಮನೆಯಿಂದ ಒಬ್ಬಟ್ಟು ಬಂದ ಲೆಕ್ಕದಿಂದ ಹೇಳಿದ್ದು.

ಇನ್ನೊಂದಿದೆ. ಅಜ್ಜಿಯ ಅಣ್ಣನ ಹೆಸರು ಅರುಳಪ್ಪ, ಸ್ನಾನಿಕ ಯೊವಾನ್ನರ ಹಬ್ಬದಲ್ಲಿ ಹುಟ್ಟಿದವರು. ಮಗುವಿಗೆ ಎರಡು ತಿಂಗಳು ತುಂಬಿದಾಗ ಅಜ್ಜಿಯ ಅವ್ವ ಮೊದಲ ಸಲ ದೊಡ್ಡ ಹಬ್ಬಕ್ಕೆ ಹೊರಗೆ ಬಂದಿದ್ದು ಪರಮಪ್ರಸಾದದ (ಪೂಜೆಯಲ್ಲಿ ಯೇಸುವಿನ ದೇಹವಾಗುವ ರೊಟ್ಟಿಯ) ಮೆರವಣಿಗೆಗೆ. ಅವತ್ತೇ ಅರುಳಪ್ಪನ ಹೆಸರಿನ ಹಬ್ಬವೂ ಬಿದ್ದಿತ್ತಂತೆ. ಮನೆಯಲ್ಲಿ ಪಾಯಸ ಆಗಬೇಕು, ಎಲ್ಲರೂ ಮೆರವಣಿಗೆಯಲ್ಲಿ. ಕೊನೆಗೆ ಪಾಯಸ ತಳ ಹಿಡಿಯಿತು. ಅರುಳಪ್ಪ ತಾತ ಸಾಯುವವರೆಗೂ "ನೀನು ಹುಟ್ಟಿದ ವರ್ಷ ನನ್ನ ಪಾಯಸ ಸೀದು ಹೋಯ್ತು" ಅಂತ ಅಜ್ಜಿಯನ್ನು ರೇಗಿಸುತ್ತಿದ್ದರಂತೆ.

ಇದರಿಂದ ಏನಾದರೂ ಗೊತ್ತಾಗುತ್ತಾ?

ಡಬ್ಲಿನ್‌ನಲ್ಲಿ ಚೌರಪ್ಪ:

ಏನಾದರೂ ಅಲ್ಲ, ಎಲ್ಲವೂ ಗೊತ್ತಾಗುತ್ತದೆ. ಆಫೀಸಿನ ಕೆಲಸ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಆ ಸೀದ ಪಾಯಸ ಇದೆಯಲ್ಲ, ಅದು ಜನನ ಪತ್ರಕ್ಕಿಂತ ಗಟ್ಟಿ ಸಾಕ್ಷಿ.

ಸ್ನಾನಿಕ ಯೊವಾನ್ನರು ಹುಟ್ಟಿದ ಹಬ್ಬ ಜೂನ್ 24, ಅದು ಕದಲುವುದಿಲ್ಲ. ಪರಮಪ್ರಸಾದದ ಹಬ್ಬ ಕದಲುತ್ತದೆ. ಈಗ ಅದನ್ನು ನಮ್ಮಲ್ಲಿ ಭಾನುವಾರ ಮಾಡುತ್ತಾರೆ, ಆದರೆ ಅದರ ಹಳೇ ದಿನ ಗುರುವಾರ, ಪಾಸ್ಕ ಭಾನುವಾರದಿಂದ ಸರಿಯಾಗಿ 60 ದಿನಕ್ಕೆ. ಎರಡೂ ಒಂದೇ ದಿನ ಬರಬೇಕಾದರೆ ಜೂನ್ 24ರಿಂದ 60 ದಿನ ಹಿಂದೆ ಹೋಗಿ. ಏಪ್ರಿಲ್ 25. ಅಂದರೆ ಆ ವರ್ಷ ಪಾಸ್ಕ ಏಪ್ರಿಲ್ 25ಕ್ಕೆ ಬಂದಿರಬೇಕು.

ಪಾಸ್ಕದ ಸೂತ್ರ ಗೊತ್ತಲ್ಲ? ಮಾರ್ಚ್ 21ಕ್ಕೋ ಅದರ ನಂತರವೋ ಬರುವ ಮೊದಲ ಹುಣ್ಣಿಮೆ, ಅದರ ಮುಂದಿನ ಭಾನುವಾರ. ಹುಣ್ಣಿಮೆಯೇ ಭಾನುವಾರ ಬಂದರೆ ಇನ್ನೊಂದು ವಾರ ಮುಂದಕ್ಕೆ. ಹಾಗಾಗಿ ಪಾಸ್ಕ ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಒಟ್ಟು 35 ದಿನದ ಜಾಗ. ಏಪ್ರಿಲ್ 25 ಅದರ ಕಟ್ಟಕಡೆಯ ದಿನ, ತುಂಬಾ ಅಪರೂಪ. 1886ರಲ್ಲಿ ಒಂದು ಸಲ ಬಂತು. ಆಮೇಲೆ 1943ರಲ್ಲಿ. ಮುಂದೆ ಬರುವುದು 2038ರಲ್ಲಿ. ನಡುವೆ ಒಂದೂ ಇಲ್ಲ. ನಿಮ್ಮಜ್ಜಿ 1886ರವರಲ್ಲ ಅಂತ ಧೈರ್ಯವಾಗಿ ಹೇಳಬಲ್ಲೆ.

ಹಾಗಾಗಿ 1943. ಆ ವರ್ಷ ಚರ್ಚಿನ ಲೆಕ್ಕದ ಹುಣ್ಣಿಮೆ ಏಪ್ರಿಲ್ 18, ಅದೂ ಭಾನುವಾರ. ಪಾಸ್ಕ ಒಂದು ವಾರ ಮುಂದೆ ಹೋಗಿ 25. 18ನೇ ತಾರೀಖೇ ಗರಿಗಳ ಭಾನುವಾರ. ಅದಕ್ಕೆ ಮುಂಚಿನ ಶುಕ್ರವಾರ ಏಪ್ರಿಲ್ 16. ಶುಕ್ರವಾರ ಹುಟ್ಟಿ ಭಾನುವಾರ ಜ್ಞಾನಸ್ನಾನ ಅಂದರೆ ಮೂರನೇ ದಿನ, ಅದೂ ಸರಿಹೋಯಿತು. ಆ ವರ್ಷ ಯುಗಾದಿ ಏಪ್ರಿಲ್ ಮೊದಲ ವಾರದಲ್ಲಿ, ಹತ್ತು ಹನ್ನೊಂದು ದಿನ ಆಗಿತ್ತು. ಶಾನುಭೋಗರ ಒಬ್ಬಟ್ಟು ಕೂಡ ಸುಳ್ಳು ಹೇಳುತ್ತಿಲ್ಲ.

ಜೊತೆಗೆ ಇನ್ನೊಂದು ಮಾತು, ವಿಷಯಕ್ಕೆ ಸಂಬಂಧ ಇಲ್ಲ ಅಂತಲೇ ಇಟ್ಟುಕೊಳ್ಳಿ. ಫ್ರಾನ್ಸ್ ಕಡೆ ಒಂದು ಹಳೇ ಗಾದೆ ಇದೆ. ಜಾರ್ಜ್ ದೇವರನ್ನು ಶಿಲುಬೆಗೇರಿಸಿ, ಮಾರ್ಕ ಎಬ್ಬಿಸಿ, ಯೊವಾನ್ನ ಹೊತ್ತು ನಡೆದ ವರ್ಷ ಲೋಕ ಮುಗಿಯುತ್ತದೆ ಅಂತ. ಸಂತ ಜಾರ್ಜರ ಹಬ್ಬ ಏಪ್ರಿಲ್ 23, 1943ರಲ್ಲಿ ಅದು ಶುಭ ಶುಕ್ರವಾರ. ಸಂತ ಮಾರ್ಕರದು ಏಪ್ರಿಲ್ 25, ಪಾಸ್ಕ. ಯೊವಾನ್ನರದು ಜೂನ್ 24, ಪರಮಪ್ರಸಾದ ಹೊತ್ತು ನಡೆಯುವ ಮೆರವಣಿಗೆ. ಮಹಾಯುದ್ಧದ ನಡುವೆ ಅಂಥ ವರ್ಷ ಬಂದಾಗ ಅಲ್ಲಿಯ ಮುದುಕರಿಗೆ ಎದೆ ಹೊಡೆದುಕೊಂಡಿರಬೇಕು. ನಿಮ್ಮೂರಲ್ಲಿ ಒಂದು ಪಾಯಸ ಸೀದಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಉಪದೇಶಿ ಮಗ:

ಭಲೇ ಚೌರಪ್ಪ. ನನಗೆ ಗಂಟೆ ಹೊಡೆಯಲು ಬರುತ್ತಿತ್ತೇ ಹೊರತು ಈ ಲೆಕ್ಕ ಬರುತ್ತಿರಲಿಲ್ಲ.

ಹುಣಸೆಮರ, ಲೆಕ್ಕ ಎಷ್ಟೇ ಚೆಂದ ಇದ್ದರೂ ಪುಸ್ತಕ ನೋಡಿಯೇ ಬಿಡಿ. ಜ್ಞಾನಸ್ನಾನದ ದಫ್ತರು ಆಗಿನ ಧರ್ಮಕೇಂದ್ರದಲ್ಲಿ ಇರುತ್ತದೆ. ನಿಮ್ಮ ಊರಿನದು ಆಗ ಬೇರೆ ದೊಡ್ಡ ಚರ್ಚಿಗೆ ಸೇರಿತ್ತೇನೋ ವಿಚಾರಿಸಿ. ಅದು ಲ್ಯಾಟಿನ್‌ನಲ್ಲಿ ಇರುತ್ತದೆ. ವ್ಯಾಕುಲಮ್ಮ ಅಂತ ಹುಡುಕಿದರೆ ಸಂಜೆಯಾದರೂ ಸಿಗುವುದಿಲ್ಲ. 'ದೊಲೊರೋಸಾ' ಅಂತಲೋ 'ದೊಲೊರೆಸ್' ಅಂತಲೋ ಹುಡುಕಿ, ವ್ಯಾಕುಲಕ್ಕೆ ಅವರ ಪದ ಅದು. ಅಜ್ಜಿಯ ಅಪ್ಪನ ಹೆಸರು ಏನು? ಇನ್ನಾಸಪ್ಪ ಆಗಿದ್ದರೆ ಅಲ್ಲಿ ಇಗ್ನಾತಿಯುಸ್. 'ನಾತಾ' ಅಂತ ಬರುವ ಕಡೆ ಹುಟ್ಟಿದ ದಿನ. 'ಬಾಪ್ತಿಜಾವಿ' ಅಂತ ಇರುವ ಕಡೆ ಸ್ನಾನದ ದಿನ. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಎಷ್ಟೋ ಜನ ಸ್ನಾನದ ದಿನವನ್ನೇ ಹುಟ್ಟಿದ ದಿನ ಅಂತ ಕಾರ್ಡಿಗೆ ಬರೆಸಿಕೊಂಡು ಬಂದಿದ್ದಾರೆ.

ಹುಣಸೆಮರ:

ಶನಿವಾರ ರಜೆ ಹಾಕಿ ಹೋಗಿ ಬಂದೆ. ಅಜ್ಜಿಯ ಅಪ್ಪನ ಹೆಸರು ಇನ್ನಾಸಪ್ಪನೇ! ಸರ್, ನೀವು ಅದನ್ನು ಹೇಗೆ ಊಹಿಸಿದಿರೋ.

ನಮ್ಮೂರಿಗೆ ಆಗ ಸ್ವಂತ ಗುರುಗಳಿರಲಿಲ್ಲ. ಪುಸ್ತಕ ಹನ್ನೆರಡು ಕಿಲೋಮೀಟರ್ ಆಚೆಯ ಹಳೇ ಚರ್ಚಿನಲ್ಲಿದೆ. ಅಲ್ಲಿಯ ಗುರುಗಳು ಒಳ್ಳೆಯವರು, ನನ್ನ ವಯಸ್ಸಿನವರೇ, ಬೀರುವಿನ ಬೀಗ ತೆಗೆದು ಮೇಜಿನ ಮೇಲೆ ಇಟ್ಟುಕೊಟ್ಟರು. ಉದ್ದನೆಯ ಪುಸ್ತಕ, ಮೂಲೆಗಳನ್ನು ಗೆದ್ದಲು ತಿಂದಿದೆ, ತೆರೆದರೆ ನುಸಿಗುಳಿಗೆ ವಾಸನೆ. ಮೊದಮೊದಲ ಪುಟಗಳ ಅಕ್ಷರ ನಮ್ಮವರದಲ್ಲ. ಪ್ಯಾರಿಸ್ ಮಿಷನ್ನಿನ ಫ್ರೆಂಚ್ ಸ್ವಾಮಿಗಳು ಬರೆದದ್ದಂತೆ. ಮೈಸೂರು ಸೀಮೆಯ ಚರ್ಚುಗಳನ್ನು ಆಗ ಅವರೇ ನೋಡಿಕೊಳ್ಳುತ್ತಿದ್ದರು. ಮಧ್ಯೆ ಕೆಲವು ಕಡೆ ಶಾಯಿ ಬಣ್ಣ ಬದಲಾಗಿ ನೀರಿನ ಹಾಗೆ ತಿಳಿಯಾಗಿದೆ. ಯುದ್ಧದಲ್ಲಿ ಶಾಯಿಗೂ ನೀರು ಬೆರೆಸಿದರೋ ಏನೋ, ನನ್ನ ಊಹೆ.

1943ರ ಪುಟ ಹತ್ತು ನಿಮಿಷದಲ್ಲಿ ಸಿಕ್ಕಿತು. ಏಪ್ರಿಲ್‌ನಲ್ಲಿ ಬೆರಳಿಟ್ಟು ಕೆಳಗೆ ಬಂದೆ. ಮರಿಯಾ ದೊಲೊರೋಸಾ. ಅಪ್ಪನ ಹೆಸರು ಇಗ್ನಾತಿಯುಸ್. ಸ್ನಾನ ಏಪ್ರಿಲ್ 18. ಎದೆ ಢವಢವ. ಆಮೇಲೆ 'ನಾತಾಮ್ ದಿಯೆ' ಅಂತ ಇದ್ದ ಕಡೆ ನೋಡಿದರೆ, 76.

ಹೌದು, ಎಪ್ಪತ್ತಾರು. ಏಪ್ರಿಲ್ ಎಪ್ಪತ್ತಾರನೇ ತಾರೀಖು ನಮ್ಮಜ್ಜಿ ಹುಟ್ಟಿದ್ದಾರೆ. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಗುರುಗಳು ಬಂದು ನೋಡಿ ನಕ್ಕರು. ಫ್ರೆಂಚರು ಒಂದನ್ನು ಬರೆಯುವಾಗ ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆದು ಆಮೇಲೆ ಇಳಿಸುತ್ತಾರೆ, ನಮ್ಮ ಕಣ್ಣಿಗೆ ಅದು ಏಳು. ಅವರ ಏಳಿಗೆ ನಡುವೆ ಅಡ್ಡಗೆರೆ ಇರುತ್ತದೆ. ಮೇಲಿನ ಸಾಲಿನ ಸ್ನಾನದ ತಾರೀಖು ತೋರಿಸಿ "ಇದೂ ನಿಮಗೆ 78 ಅಂತ ಕಾಣಬೇಕಿತ್ತಲ್ಲ?" ಅಂದರು. ನೋಡಿದರೆ ಅದೂ ಹಾಗೇ ಇದೆ. ನಾನು 18 ಬೇಕು ಅಂತ ಹೋಗಿದ್ದಕ್ಕೆ 18 ಅಂತಲೇ ಓದಿದ್ದೆ!

ಏಪ್ರಿಲ್ 16, 1943. ಚೌರಪ್ಪ ಸರ್, ನಿಮಗೆ ದೊಡ್ಡ ನಮಸ್ಕಾರ.

ಮಧ್ಯಾಹ್ನ ಊರಿಗೆ ಹೋಗಿ ಅಜ್ಜಿಗೆ ಫೋನಿನಲ್ಲಿ ತೆಗೆದ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಓದಲು ಬರುವುದಿಲ್ಲ, ಬಂದರೂ ಅದು ಲ್ಯಾಟಿನ್. "ನಮ್ಮಪ್ಪನ ಹೆಸರು ಎಲ್ಲೈತೆ?" ಅಂದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟರು, ಫೋಟೋ ಸರಕ್ಕನೆ ಮುಂದಕ್ಕೆ ಹೋಗಿ ನನ್ನ ಆಫೀಸಿನ ಟೀ ಪಾರ್ಟಿ ಬಂತು. ಮತ್ತೆ ಹಿಂದಕ್ಕೆ ತಂದುಕೊಟ್ಟೆ. ಈ ಸಲ ಮುಟ್ಟದೆ ನೋಡಿದರು.

ಬೆಂಗಳೂರು ಹುಡುಗ:

ಸೋತೆ. ಅಜ್ಜಿಗೆ ನನ್ನ ಕಡೆಯಿಂದ ಕ್ಷಮೆ ಕೇಳಿ. ನಮ್ಮಜ್ಜಿಯ ಆನೆ ಬಗ್ಗೆಯೂ ಈಗ ಯೋಚನೆ ಶುರುವಾಗಿದೆ.

ಆದರೆ ಕೇಕಿನ ಕಥೆ ಏನಾಯಿತು?

ಹುಣಸೆಮರ:

ಕೇಕಿನವರು ಅಡ್ವಾನ್ಸ್ ವಾಪಸ್ ಕೊಡಲಿಲ್ಲ. ಅದಕ್ಕೆ ಕುಡ್ಲದ ಬಾಯಿ ಹೇಳಿದ ಹಾಗೆ ಸೆಪ್ಟೆಂಬರ್ 15ಕ್ಕೆ ಹೆಸರಿನ ಹಬ್ಬ ಅಂತ ಮಾಡಿದೆವು. ಕೇಕಿನ ಮೇಲೆ ಮೊದಲೇ ಹೇಳಿದ್ದ ಹಾಗೆ ಹುಟ್ಟುಹಬ್ಬ ಅಂತಲೇ ಬರೆದು ಕಳಿಸಿದ್ದರು. ಚಿಕ್ಕಪ್ಪ ಚಾಕುವಿನಲ್ಲಿ 'ಹುಟ್ಟು' ಕೆರೆದು ತೆಗೆದರು, 'ಹಬ್ಬ' ಉಳಿಯಿತು.

ಈಗ ಮನೆಯಲ್ಲಿ ಹೊಸ ಜಗಳ. ನಿಜವಾದ ಹುಟ್ಟುಹಬ್ಬ ಯಾವಾಗ ಮಾಡುವುದು? ದೊಡ್ಡಮ್ಮನ ಪ್ರಕಾರ ಅಜ್ಜಿ ಹುಟ್ಟಿದ್ದು ಆ ಶುಕ್ರವಾರಕ್ಕೆ, ಹಾಗಾಗಿ ಶುಕ್ರವಾರವೇ ಸರಿ. ಮುಂದಿನ ವರ್ಷ ಪಾಸ್ಕ ಏಪ್ರಿಲ್ 5, ಆ ಲೆಕ್ಕದಲ್ಲಿ ಶುಕ್ರವಾರ ಮಾರ್ಚ್ 27. ಅದರ ಮುಂದಿನ ವರ್ಷ, 2027ರಲ್ಲಿ, ಮಾರ್ಚ್ 19. ಅದು ಸೂಸೆಯಪ್ಪನ ಹಬ್ಬ, ನಮ್ಮ ತಾತನ ಹೆಸರೂ ಸೂಸೆಯಪ್ಪ. ಇದನ್ನು ಕೇಳಿ ದೊಡ್ಡಮ್ಮ ಕಣ್ಣಲ್ಲಿ ನೀರು ಹಾಕಿಕೊಂಡರು. ನಾನು ತಾರೀಖಿನ ಪಕ್ಷ, ಏಪ್ರಿಲ್ 16. ಅಷ್ಟು ಕಷ್ಟಪಟ್ಟು ಹುಡುಕಿದ್ದೇನೆ, ಬಿಡಲು ಮನಸ್ಸಿಲ್ಲ.

ಕೊನೆಗೆ ಅಜ್ಜಿಯನ್ನೇ ಕೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಮುಂದಿನ ವರ್ಷ ಏಪ್ರಿಲ್ ಹದಿನಾರು ಪಾಸ್ಕ ಆದ್ಮೇಲೆ ಬರ್ತದಾ, ಮುಂಚೆನಾ?" ಆದಮೇಲೆ ಅಂದೆ. "ಹಂಗಾದ್ರೆ ಅದೇ ಇರಲಿ. ಬಾಡೂಟ ಮಾಡಬೋದು."

ತಪಸ್ಸುಕಾಲ ಪೂರ್ತಿ ಅಜ್ಜಿ ಮಾಂಸ ಮುಟ್ಟುವುದಿಲ್ಲ. ಶುಕ್ರವಾರ ಅಂದರೆ ಗಂಜಿ, ಉಪ್ಪಿನಕಾಯಿ, ಸಂಜೆ ಶಿಲುಬೆ ಹಾದಿ. ಈ ವರ್ಷ, 2025ರಲ್ಲಿ, ಪಾಸ್ಕ ಏಪ್ರಿಲ್ 20ಕ್ಕೆ ಬಂದಿತ್ತು. ಅಂದರೆ ಏಪ್ರಿಲ್ 16 ಪವಿತ್ರ ವಾರದ ಬುಧವಾರ. ಅಜ್ಜಿಗೆ 82 ತುಂಬಿದ ದಿನ, ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಗಂಜಿ ಕುಡಿದು ಮಲಗಿದ್ದಾರೆ.

ಚೌರಪ್ಪ ಸರ್ ಬರೆದಿದ್ದನ್ನೂ ಹೇಳಿದೆ. ಆ ಶುಕ್ರವಾರ ಮತ್ತು ಏಪ್ರಿಲ್ 16 ಎರಡೂ ಒಂದೇ ದಿನ ಬರುವುದು ಪಾಸ್ಕ ಏಪ್ರಿಲ್ 25ಕ್ಕೆ ಬಂದಾಗ ಮಾತ್ರ. ಅಜ್ಜಿ ಹುಟ್ಟಿದ ಮೇಲೆ ಒಂದು ಸಲವೂ ಬಂದಿಲ್ಲ. ಇನ್ನು 2038ಕ್ಕೆ, ಆಗ ನಿಂಗೆ 95, ಅವತ್ತು ಊರಿಗೆಲ್ಲ ಊಟ ಹಾಕಿಸೋಣ ಅಜ್ಜಿ ಅಂದೆ.

"ಬೇಡ ಬಿಡು. ಅವತ್ತು ಶುಕ್ರವಾರ ಅಂದ್ಯಲ್ಲ. ಬಾಡು ಇರಲ್ಲ."